ಸುತ್ತುವ ಎಂಜಿನಿನ ಜ್ವರಮಾಪಕ

ರೋಗಿಯ ಹಣೆಯನ್ನು ಮುಟ್ಟಿ ನೋಡಿ ಜ್ವರವುಂಟೋ ಇಲ್ಲವೋ ಎಂದು ಹೇಳುವುದು ಹಳೆಯ ಪದ್ಧತಿ. ಜ್ವರಮಾಪಕವನ್ನು ಓದಿ ಹೇಳುವುದು ಅನಂತರ ಬಂದುದು. ಎರಡನೆಯದು ಹೆಚ್ಚು ನಂಬತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಮಾತನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಜ್ವರಮಾಪಕವು ತೋರಿಸುವುದು ರೋಗಿಯ ಉಷ್ಣತೆಯನ್ನಲ್ಲ, ತನ್ನದೇ ಉಷ್ಣತೆಯನ್ನು. ಅದು ಮೈಗೆ ಚೆನ್ನಾಗಿ ತಾಗಿ, ಸಾಕಷ್ಟು ಹೊತ್ತು ಹಾಗೆಯೇ ಇದ್ದು, ಎರಡೂ ಸಮಾನ ಉಷ್ಣತೆಗೆ ಬಂದಿದ್ದರೆ ಮಾತ್ರ ನಾವು ಓದಿದ ಅಂಕಿಗೆ ಅರ್ಥವುಂಟು. ಮೋಟಾರುಗಾಡಿಯ ಎಂಜಿನಿನಲ್ಲಿಯೂ ಇಂಥದೇ ಒಂದು ಜ್ವರಮಾಪಕವಿದೆ. ಹೆಬ್ಬೆರಳಿಗಿಂತ ದೊಡ್ಡದಲ್ಲದ ಹಿತ್ತಾಳೆಯ ತುಂಡು ಅದು. ಅದು ಕೆಟ್ಟಾಗ ತೆಗೆದು ಹೊಸದನ್ನು ಹಾಕುವುದು ಒಂದು ಗಂಟೆಯ ಕೆಲಸ. ಆದರೆ ಅದು ಕೆಟ್ಟಿದೆಯೆಂದು ತಿಳಿಯುವುದು, ಮತ್ತು ಹೊಸದು ನಿಜವನ್ನೇ ಹೇಳುತ್ತಿದೆಯೆಂದು ಖಚಿತಮಾಡಿಕೊಳ್ಳುವುದು, ಅಷ್ಟು ಸುಲಭವಲ್ಲ. ಸುತ್ತುವ ಎಂಜಿನಿನಲ್ಲಂತೂ ಈ ವಿಷಯದಲ್ಲಿ ಎಚ್ಚರ ತಪ್ಪಿದರೆ ಎಂಜಿನೇ ಹೋಗುತ್ತದೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಸುತ್ತುವ ಎಂಜಿನು ಎಂದರೇನು? ನಾವು ದಿನವೂ ನೋಡುವ ಕಾರುಗಳ ಎಂಜಿನಿನಲ್ಲಿ ಪಿಸ್ಟನ್ನು ಸಿಲಿಂಡರಿನೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ; ಆ ಓಡಾಟವನ್ನು ವಕ್ರದಂಡವು ಸುತ್ತಾಟವನ್ನಾಗಿ ಮಾರ್ಪಡಿಸುತ್ತದೆ. ಓಡಾಟವೇ ಇಲ್ಲದೆ ಮೊದಲಿನಿಂದಲೂ ಸುತ್ತುವ ಭಾಗವೊಂದರಿಂದಲೇ ಶಕ್ತಿಯನ್ನು ಪಡೆಯಬಾರದೇಕೆ ಎಂದು ಯೋಚಿಸಿದವರು ಹಲವರು. ಅದನ್ನು ಮೋಟಾರುಗಾಡಿಗೆ ಒಗ್ಗುವಂತೆ ಸಾಧಿಸಿದವನು ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902–1988). ನೆಕರ್ಸುಲ್ಮ್ ಪಟ್ಟಣದ ಎನ್‌ಎಸ್‌ಯು ಕಂಪೆನಿಯಲ್ಲಿ ಅವನ ಮೊದಲ ಎಂಜಿನು 1957ರ ಫೆಬ್ರವರಿ ತಿಂಗಳಲ್ಲಿ ಓಡಿತು. ಅದರ ರಚನೆ ಬಹಳ ತೊಡಕಿನದಾಗಿದ್ದಿತು. ಅದೇ ಕಂಪೆನಿಯ ಎಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ ಅದನ್ನು ಸರಳಗೊಳಿಸಿದನು. ಇಂದು ನಾವು ವಾಂಕೆಲ್ ಎಂಜಿನು ಎಂದು ಕರೆಯುವುದು ಈ ಸರಳರೂಪವನ್ನೇ.

ಜಪಾನಿನ ಹಿರೋಷಿಮಾ ನಗರದ ತೋಯೋ ಕೋಗ್ಯೋ ಕಂಪೆನಿ, ಎಂದರೆ ಇಂದಿನ ಮಾಜ್ದಾ, ಇದನ್ನು ತಯಾರಿಸುವ ಹಕ್ಕನ್ನು ಎನ್‌ಎಸ್‌ಯುನಿಂದ ಪಡೆಯಿತು. ಕೆನಿಚಿ ಯಾಮಾಮೋಟೋ ಎಂಬ ಎಂಜಿನಿಯರನ ಮುಂದಾಳ್ತನದಲ್ಲಿ ಅಲ್ಲಿನವರು ಹಲವು ವರ್ಷ ಹೆಣಗಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರನ್ನು ಹೊರತಂದರು. ಎಂಜಿನಿನ ಒಳಗೋಡೆಯ ಮೇಲೆ ಬೀಳುತ್ತಿದ್ದ ಗೆರೆಗಳಿಗೆ ಅವರು ದೆವ್ವದ ಉಗುರಿನ ಗೀರು ಎಂದು ಹೆಸರಿಟ್ಟಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಅನಂತರ 1978ರಲ್ಲಿ ಆರ್‌ಎಕ್ಸ್-7, 2003ರಲ್ಲಿ ಆರ್‌ಎಕ್ಸ್-8 ಬಂದವು. ಆರ್‌ಎಕ್ಸ್-8ರ ತಯಾರಿಕೆ 2012ರಲ್ಲಿ ನಿಂತಿತು. 2023ರಲ್ಲಿ ಮಾಜ್ದಾ ಮತ್ತೆ 830 ಘನ ಸೆಂಟಿಮೀಟರಿನ ಒಂಟಿ ರೋಟರಿನ ಎಂಜಿನನ್ನು ಹೊರತಂದಿತಾದರೂ ಅದು ಚಕ್ರಗಳನ್ನು ನೇರವಾಗಿ ಓಡಿಸುವುದಿಲ್ಲ. ವಿದ್ಯುತ್ತನ್ನು ಉತ್ಪಾದಿಸುತ್ತದೆ, ಅಷ್ಟೆ. ಹೀಗಾಗಿ ಚಕ್ರಗಳನ್ನು ತಾನೇ ಓಡಿಸುವ ಸುತ್ತುವ ಎಂಜಿನಿನ ಮಾಜ್ದಾ ಕಾರುಗಳೆಲ್ಲ ಈಗ ಹತ್ತು ವರ್ಷಕ್ಕೆ ಮೀರಿದವು, ಎಷ್ಟೋ ಗಾಡಿಗಳು ಮೂವತ್ತನ್ನೂ ದಾಟಿದವು. ಅವುಗಳ ತಂತಿ, ರಬ್ಬರು, ಸಂವೇದಕ ಎಲ್ಲಕ್ಕೂ ಮುಪ್ಪು ಬಂದಿದೆ.

ಈ ಎಂಜಿನಿನ ಕವಚದ ಒಳಗಿನ ಆಕಾರ ನಡುವೆ ಸ್ವಲ್ಪ ಹಿಂಡಿದ ಅಂಡಾಕಾರದಂತಿರುತ್ತದೆ. ಗಣಿತದಲ್ಲಿ ಇದಕ್ಕೆ ಎಪಿಟ್ರೋಕಾಯ್ಡ್ ಎಂದು ಹೆಸರು. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನಾಕೃತಿಯ ರೋಟರು ತಿರುಗುತ್ತದೆ. ಅದರ ಮೂರು ತುದಿಗಳೂ ಯಾವಾಗಲೂ ಗೋಡೆಯನ್ನು ತಾಗಿಕೊಂಡೇ ಇರುತ್ತವೆ. ತ್ರಿಕೋನದ ಮೂರು ಬದಿಗಳಿಗೂ ಗೋಡೆಗೂ ನಡುವೆ ಮೂರು ಕೋಣೆಗಳು ಉಂಟಾಗುತ್ತವೆ. ರೋಟರು ತಿರುಗಿದಂತೆ ಪ್ರತಿಯೊಂದು ಕೋಣೆಯೂ ಹಿಗ್ಗುತ್ತ ಕುಗ್ಗುತ್ತ ಗೋಡೆಯನ್ನು ಸುತ್ತಿಬರುತ್ತದೆ. ಒಂದೆಡೆ ಇಂಧನ ಬೆರೆತ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮುಂದೆ ಅದನ್ನು ಅದುಮುತ್ತದೆ, ಇನ್ನೂ ಮುಂದೆ ಕಿಡಿ ತಾಗಿ ದಹನವಾಗುತ್ತದೆ, ಕೊನೆಗೆ ಸುಟ್ಟ ಅನಿಲ ಹೊರಬೀಳುತ್ತದೆ. ರೋಟರು ಒಂದು ಸುತ್ತು ತಿರುಗುವಷ್ಟರಲ್ಲಿ ಅದರ ನಡುವಣ ದಂಡವು ಮೂರು ಸುತ್ತು ತಿರುಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದುದೊಂದಿದೆ. ಪಿಸ್ಟನ್ ಎಂಜಿನಿನಲ್ಲಿ ನಾಲ್ಕು ಕ್ರಿಯೆಗಳೂ ಒಂದೇ ಸಿಲಿಂಡರಿನಲ್ಲಿ ಒಂದಾದ ಮೇಲೊಂದರಂತೆ ನಡೆಯುತ್ತವೆ. ಬೆಂಕಿಯಿಂದ ಕಾದ ಗೋಡೆಯನ್ನು ಮರುಕ್ಷಣದಲ್ಲಿ ಒಳಬಂದ ತಣ್ಣನೆಯ ಗಾಳಿ ಸ್ವಲ್ಪ ಆರಿಸುತ್ತದೆ. ಸುತ್ತುವ ಎಂಜಿನಿನಲ್ಲಿ ಹಾಗಲ್ಲ. ಒಂದೊಂದು ಕ್ರಿಯೆಗೂ ಗೋಡೆಯಲ್ಲಿ ಒಂದೊಂದು ಜಾಗ ಗೊತ್ತಾಗಿದೆ. ಕಿಡಿಬುರುಡೆಗಳಿರುವ ಕಡೆಯಲ್ಲಿ ಸದಾ ಬೆಂಕಿ. ಗಾಳಿ ಒಳಬರುವ ಕಡೆಯಲ್ಲಿ ಸದಾ ತಂಪು. ಮನೆಯ ಒಂದು ಗೋಡೆಗೆ ಒಲೆ, ಎದುರು ಗೋಡೆಗೆ ಬಚ್ಚಲು ಇದ್ದಂತೆ.

ಇದರ ಪರಿಣಾಮವನ್ನು ಸಣ್ಣದೊಂದು ಲೆಕ್ಕದಿಂದ ತಿಳಿಯೋಣ. ಮಾಜ್ದಾದ 13ಬಿ ಎಂಬ ಎಂಜಿನಿನಲ್ಲಿ ರೋಟರಿನ ಸುತ್ತಲ ಕವಚ ಅಲ್ಯೂಮಿನಿಯಮ್ಮಿನದು, ಅಗಲ 80 ಮಿ.ಮೀ. ಅಲ್ಯೂಮಿನಿಯಮ್ ಒಂದು ಡಿಗ್ರಿ ಸೆ. ಏರಿದರೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 23 ಭಾಗದಷ್ಟು ಹಿಗ್ಗುತ್ತದೆ. ಕವಚದ ಬಿಸಿಯ ಕಡೆ ತಂಪಿನ ಕಡೆಗಿಂತ 60° ಹೆಚ್ಚು ಕಾದಿದೆಯೆಂದು ಇಟ್ಟುಕೊಂಡರೆ, ಅಲ್ಲಿ ಅದರ ಅಗಲ ಸುಮಾರು 0.11 ಮಿ.ಮೀ. ಹೆಚ್ಚಾಗಬೇಕು. ತಲೆಗೂದಲಿನ ದಪ್ಪಕ್ಕಿಂತ ಇದು ಹೆಚ್ಚು. ಆದರೆ ಈ ಕವಚದ ಎರಡು ಪಕ್ಕಕ್ಕೂ ಎರಕದ ಕಬ್ಬಿಣದ ಫಲಕಗಳಿವೆ. ಕಬ್ಬಿಣದ ಹಿಗ್ಗುವಿಕೆ ಅಲ್ಯೂಮಿನಿಯಮ್ಮಿನದರ ಅರ್ಧದಷ್ಟು ಮಾತ್ರ. ಎರಡು ರೋಟರಿನ ಎಂಜಿನಿನಲ್ಲಿ ಮೂರು ಕಬ್ಬಿಣದ ಫಲಕಗಳೂ ಎರಡು ಅಲ್ಯೂಮಿನಿಯಮ್ ಕವಚಗಳೂ ಒಂದರ ಪಕ್ಕಕ್ಕೊಂದು ನಿಂತಿದ್ದು, ಉದ್ದನೆಯ ಬೋಲ್ಟುಗಳು ಎಲ್ಲವನ್ನೂ ಪೋಣಿಸಿ ಬಿಗಿದಿರುತ್ತವೆ. ಶೀತಕವು ಇವೆಲ್ಲವನ್ನೂ ಹಾಯ್ದು ಹರಿಯುತ್ತದೆ. ಅದು ದಹನದ ಕೋಣೆಗೆ ನುಗ್ಗದಂತೆಯೂ ಹೊರಕ್ಕೆ ಸೋರದಂತೆಯೂ ನಾಲ್ಕು ಸಂದುಗಳಲ್ಲಿ ಎರಡೆರಡರಂತೆ ಎಂಟು ರಬ್ಬರಿನ ಬಳೆಗಳು ತಡೆಯುತ್ತವೆ. ಎಂಜಿನು ಮಿತಿಮೀರಿ ಕಾದರೆ ಲೋಹ ಸೊಟ್ಟಗಾಗಿ, ಬಳೆಗಳು ಗಡುಸಾಗಿ, ನೀರು ಬೆಂಕಿಯ ಕೋಣೆಯನ್ನು ಸೇರುತ್ತದೆ. ಆಮೇಲೆ ಎಂಜಿನನ್ನು ಗಾಡಿಯಿಂದ ಇಳಿಸಿ ಫಲಕ ಫಲಕವಾಗಿ ಬಿಚ್ಚದೆ ಬೇರೆ ದಾರಿಯಿಲ್ಲ. ಸುತ್ತುವ ಎಂಜಿನಿಗೆ ಜ್ವರವು ಇತರ ಎಂಜಿನುಗಳಿಗಿಂತ ಹೆಚ್ಚು ಅಪಾಯಕಾರಿ ಎಂದು ಹೇಳುವುದು ಇದರಿಂದಲೇ.

ಇನ್ನು ಜ್ವರಮಾಪಕದ ವಿಷಯಕ್ಕೆ ಬರೋಣ. ಹಿತ್ತಾಳೆಯ ತಿರುಪಿನ ತುದಿಯೊಳಗೆ ಥರ್ಮಿಸ್ಟರ್ ಎಂಬ ಚಿಕ್ಕ ಮಣಿಯೊಂದು ಅಡಗಿದೆ. ಮ್ಯಾಂಗನೀಸ್, ನಿಕಲ್, ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡುಗಳನ್ನು ಬೆರಸಿ ಸುಟ್ಟು ಮಾಡಿದ ಅರೆವಾಹಕ ಅದು. ತಾಮ್ರದಂಥ ಲೋಹ ಕಾದಷ್ಟೂ ವಿದ್ಯುತ್ತಿಗೆ ಅದರ ರೋಧ ಹೆಚ್ಚುತ್ತದೆ. ಹೆಚ್ಚಳ ಡಿಗ್ರಿಗೆ ಶೇಕಡ 0.4ರಷ್ಟು ಮಾತ್ರ. ಥರ್ಮಿಸ್ಟರಿನದು ಇದಕ್ಕೆ ತದ್ವಿರುದ್ಧ. ಕಾದಷ್ಟೂ ಅದರೊಳಗೆ ಚಲಿಸಬಲ್ಲ ವಿದ್ಯುದಂಶಗಳ ಸಂಚಾರ ಸುಲಭವಾಗಿ ರೋಧ ಕುಗ್ಗುತ್ತದೆ, ಅದೂ ಡಿಗ್ರಿಗೆ ಶೇಕಡ ಮೂರು ನಾಲ್ಕರಷ್ಟು. ಬೆಳ್ಳಿಯ ಸಲ್ಫೈಡಿನಲ್ಲಿ ಈ ವಿಚಿತ್ರವನ್ನು 1833ರಲ್ಲಿಯೇ ಮೈಕೇಲ್ ಫ್ಯಾರಡೆ ಕಂಡಿದ್ದನು. ಅದು ಬಳಕೆಯ ವಸ್ತುವಾಗಲು ಸುಮಾರು ನೂರು ವರ್ಷ ಬೇಕಾಯಿತು.

ಮೋಟಾರುಗಾಡಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಸಂವೇದಕವನ್ನು ತೆಗೆದುಕೊಳ್ಳೋಣ. ಅದರ ರೋಧವು 0° ಸೆ.ನಲ್ಲಿ ಹೆಚ್ಚು ಕಡಿಮೆ 5900 ಓಮ್, 20°ಯಲ್ಲಿ 2450, 80°ಯಲ್ಲಿ 320, 100°ಯಲ್ಲಿ 188. ಎಂಜಿನಿನ ನಿಯಂತ್ರಣ ಗಣಕವು 5 ವೋಲ್ಟಿನ ಒತ್ತಡವನ್ನು ತನ್ನೊಳಗಿನ ಒಂದು ಸ್ಥಿರವಾದ ರೋಧಕದ ಮೂಲಕ ಈ ಸಂವೇದಕಕ್ಕೆ ಕೊಟ್ಟು, ಸಂವೇದಕದ ಎರಡು ತುದಿಗಳ ನಡುವಣ ವೋಲ್ಟೇಜನ್ನು ಓದುತ್ತದೆ. ಸ್ಥಿರ ರೋಧಕ 2000 ಓಮ್ ಎಂದಿಟ್ಟುಕೊಂಡರೆ, 20°ಯಲ್ಲಿ ಸುಮಾರು 2.75 ವೋಲ್ಟ್, 80°ಯಲ್ಲಿ 0.69, 100°ಯಲ್ಲಿ 0.43 ಎಂದು ಓಮನ ನಿಯಮದಿಂದ ವಿದ್ಯಾರ್ಥಿಗಳೇ ಲೆಕ್ಕಹಾಕಿ ನೋಡಬಹುದು. ಎಷ್ಟು ಪೆಟ್ರೋಲು ಸಿಂಪಡಿಸಬೇಕು, ಕಿಡಿಯನ್ನು ಯಾವಾಗ ಹಾರಿಸಬೇಕು, ರೇಡಿಯೇಟರಿನ ಬೀಸಣಿಗೆಯನ್ನು ಯಾವಾಗ ತಿರುಗಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವಾಗ ಗಣಕವು ಈ ಚಿಕ್ಕ ವೋಲ್ಟೇಜನ್ನು ನೆಚ್ಚಿಕೊಂಡಿರುತ್ತದೆ.

ತಂತಿ ಪೂರ್ತಿಯಾಗಿ ಕಡಿದುಹೋದರೆ ಏನಾಗುತ್ತದೆ? ಪ್ರವಾಹವಿಲ್ಲದುದರಿಂದ ಗಣಕಕ್ಕೆ 5 ವೋಲ್ಟೂ ಕಾಣುತ್ತದೆ; ಎಂಜಿನು ಧ್ರುವಪ್ರದೇಶದಲ್ಲಿ ಹೆಪ್ಪುಗಟ್ಟಿದೆಯೆಂದು ಅದರ ಅರ್ಥ. ಎರಡು ತಂತಿಗಳು ಒಂದಕ್ಕೊಂದು ತಗುಲಿದರೆ ಸೊನ್ನೆ ವೋಲ್ಟು. ಎಂಜಿನು ಕೆಂಡವಾಗಿದೆಯೆಂದು ಅರ್ಥ. ಇವೆರಡೂ ಅಸಂಭವವೆಂದು ತಿಳಿಯುವಷ್ಟು ಜಾಣತನ ಗಣಕಕ್ಕುಂಟು. ಅದು ಎಚ್ಚರಿಕೆಯ ದೀಪವನ್ನು ಹೊತ್ತಿಸಿ ದೋಷದ ಸಂಖ್ಯೆಯನ್ನು ಬರೆದಿಡುತ್ತದೆ. 1990ರ ದಶಕದ ನಡುಭಾಗದಿಂದೀಚಿನ ಕಾರುಗಳಲ್ಲಿ ಸೊನ್ನೆಯ ಕಡೆಗಿನ ದೋಷಕ್ಕೆ ಪಿ 0117, ಮೇಲಿನ ಕಡೆಗಿನದಕ್ಕೆ ಪಿ 0118 ಎಂದು ಗುರುತು. ಇಂಥ ದೋಷ ನಿಜವಾಗಿ ಅಷ್ಟು ಭಯಂಕರವಲ್ಲ, ಏಕೆಂದರೆ ಅದು ತಾನೇ ಕೂಗಿ ಹೇಳುತ್ತದೆ.

ಕೂಗದೆ ಸುಳ್ಳು ಹೇಳುವ ದೋಷವೇ ಅಪಾಯದ್ದು. ಸಂವೇದಕ ಸರಿಯಾಗಿಯೇ ಇದೆ, ಆದರೆ ಅದಕ್ಕೆ ತಂತಿಯನ್ನು ಕೂಡಿಸುವ ಪ್ಲಗ್ಗಿನಲ್ಲಿ ಹಸಿರು ಕಿಲುಬು ಹಿಡಿದು 100 ಓಮ್ ರೋಧ ಸೇರಿಕೊಂಡಿದೆ ಎಂದು ಭಾವಿಸೋಣ. ಬೆಳಗ್ಗೆ 20°ಯಲ್ಲಿ ಒಟ್ಟು ರೋಧ 2450ರ ಬದಲು 2550. ಗಣಕವು ಇದನ್ನು 19° ಎಂದು ಓದುತ್ತದೆ. ಒಂದು ಡಿಗ್ರಿಯ ತಪ್ಪನ್ನು ಯಾರೂ ಕಾಣರು. ಅದೇ ಎಂಜಿನು 100°ಗೆ ಏರಿದಾಗ ಒಟ್ಟು ರೋಧ 188ರ ಬದಲು 288. ಈ ರೋಧವು ಗಣಕದ ಕೋಷ್ಟಕದಲ್ಲಿ ಸುಮಾರು 84°ಗೆ ಸಲ್ಲುತ್ತದೆ. ಹದಿನಾರು ಡಿಗ್ರಿಯ ಸುಳ್ಳು! ಬೀಸಣಿಗೆ ತಿರುಗಬೇಕಾದಾಗ ತಿರುಗದು, ಮುಳ್ಳು ಮೇಲೇಳಬೇಕಾದಾಗ ಏಳದು, ಯಾವ ದೀಪವೂ ಹೊತ್ತದು. ತಣ್ಣಗಿರುವಾಗ ಸತ್ಯವಂತನಾದ ಸಂವೇದಕವು ಬಿಸಿಯಾದಾಗಲೂ ಸತ್ಯವನ್ನೇ ಹೇಳೀತೆಂದು ನಂಬಕೂಡದೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಇದರಲ್ಲಿ ಇನ್ನೊಂದು ವಿನೋದವೂ ಉಂಟು. ಇಂಥ ಗಾಡಿಗೆ ಹೊಸ ಸಂವೇದಕವನ್ನು ಹಾಕಿದರೆ ಕೆಲವು ದಿನ ಎಲ್ಲವೂ ಸರಿಹೋಗುತ್ತದೆ. ಪ್ಲಗ್ಗನ್ನು ಕಿತ್ತು ಮತ್ತೆ ಸಿಕ್ಕಿಸುವಾಗ ಕಿಲುಬು ಸ್ವಲ್ಪ ಕೆರೆದುಹೋಯಿತು, ಅಷ್ಟೇ ಅದಕ್ಕೆ ಕಾರಣ. ಕೀರ್ತಿ ಮಾತ್ರ ಹೊಸ ಸಂವೇದಕಕ್ಕೆ!

ಉಷ್ಣತೆ ಇರುವುದಕ್ಕಿಂತ ಕಡಿಮೆಯೆಂದು ಓದಿದರೆ ಇನ್ನೊಂದು ಕೇಡೂ ಇದೆ. ತಣ್ಣನೆಯ ಎಂಜಿನಿಗೆ ಹೆಚ್ಚು ಪೆಟ್ರೋಲು ಬೇಕೆಂದು ಗಣಕವು ಸುರಿಯುತ್ತಲೇ ಹೋಗುತ್ತದೆ. ಸುತ್ತುವ ಎಂಜಿನಿನಲ್ಲಿ ರೋಟರಿನ ತುದಿಗಳಲ್ಲಿರುವ ತೆಳುವಾದ ಪಟ್ಟಿಗಳು ಗೋಡೆಗೆ ಒತ್ತಿಕೊಂಡು ಕೋಣೆಗಳನ್ನು ಬೇರ್ಪಡಿಸುತ್ತವೆ. ಅಲ್ಲಿನ ಎಣ್ಣೆಯ ತೆಳುಪದರವೂ ಅವಕ್ಕೆ ಸಹಾಯಕ. ಹೆಚ್ಚಾದ ಪೆಟ್ರೋಲು ಈ ಎಣ್ಣೆಯನ್ನು ತೊಳೆದುಬಿಟ್ಟರೆ ಗಾಳಿ ಅದುಮಲ್ಪಡದೆ ಸೋರುತ್ತದೆ, ಎಂಜಿನು ಹೊರಡುವುದೇ ಇಲ್ಲ. ಈ ಜಾತಿಯ ಎಂಜಿನುಗಳನ್ನು ಉಳ್ಳವರಿಗೆಲ್ಲ ಚೆನ್ನಾಗಿ ಪರಿಚಯವಿರುವ ಕಾಯಿಲೆ ಇದು.

ಕೆಲಸಕ್ಕೆ ಕೈಹಾಕುವ ಮೊದಲು ಯಾವ ಸಂವೇದಕವನ್ನು ಬದಲಾಯಿಸಬೇಕೆಂದು ತಿಳಿದಿರಬೇಕು. 1991ರಿಂದ 2002ರವರೆಗೆ ತಯಾರಾದ ಮೂರನೆಯ ತಲೆಮಾರಿನ ಆರ್‌ಎಕ್ಸ್-7 ಕಾರಿನಲ್ಲಿ ಇಂಥವು ಎರಡಿವೆ. ಎಂಜಿನಿನ ಮುಂಭಾಗದಲ್ಲಿ ನೀರಿನ ಪಂಪಿನ ಕವಚದ ಹಿಂಬದಿಯಲ್ಲಿ ಒಂದು. ಅದಕ್ಕೆ ಎರಡು ತಂತಿ, ಅದು ಗಣಕಕ್ಕೆ ಸುದ್ದಿ ಕೊಡುತ್ತದೆ. ಹಿಂಭಾಗದ ಕಬ್ಬಿಣದ ಫಲಕದಲ್ಲಿ ಎಣ್ಣೆಯ ಶೋಧಕದ ಬಳಿ ಇನ್ನೊಂದು. ಅದಕ್ಕೆ ಒಂದೇ ತಂತಿ, ಅದು ಚಾಲಕನ ಮುಂದಿನ ಮುಳ್ಳನ್ನು ಮಾತ್ರ ಆಡಿಸುತ್ತದೆ. ಮುಳ್ಳು ಸರಿಯಾಗಿದ್ದು ಗಣಕವು ತಪ್ಪು ತಿಳಿದಿರಬಹುದು, ಗಣಕವು ಸರಿಯಾಗಿದ್ದು ಮುಳ್ಳು ಸುಳ್ಳಾಡುತ್ತಿರಬಹುದು. ಸಾಲದುದಕ್ಕೆ ಈ ಕಾರಿನ ಮುಳ್ಳನ್ನು ತಯಾರಕರು ಒಂದು ವಿಶಾಲವಾದ ಉಷ್ಣತೆಯ ಮೇರೆಯಲ್ಲಿ ನಡುವೆಯೇ ನಿಂತಿರುವಂತೆ ರಚಿಸಿದ್ದಾರೆ. ಮುಳ್ಳು ಆಗಾಗ ಅಲುಗಾಡಿದರೆ ಜನ ಗಾಬರಿಯಾಗುವರೆಂಬುದು ಇಂಥ ರಚನೆಗೆ ಕೊಡುವ ಸಮಾಧಾನ. ನಮಗೆ ಅದು ಒಪ್ಪಿಗೆಯಾಗುವುದಿಲ್ಲ. ಜ್ವರಮಾಪಕವನ್ನು ಓದಲು ಬಾರದವನಿಗೆ ಓದುವುದನ್ನು ಕಲಿಸಬೇಕೇ ಹೊರತು, ಅಂಕಿಗಳನ್ನು ಅಳಿಸಿಬಿಡುವುದು ಉಪಾಯವಲ್ಲ. ಮುಳ್ಳು ನಡುಭಾಗವನ್ನು ಬಿಟ್ಟು ಮೇಲೆದ್ದಿತೆಂದರೆ ಎಷ್ಟೋ ವೇಳೆ ಅಷ್ಟರಲ್ಲಿಯೇ ತಡವಾಗಿರುತ್ತದೆ.

ಸಂವೇದಕವು ಕೆಟ್ಟಿದೆಯೇ ಎಂದು ಪರೀಕ್ಷಿಸುವುದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಾರಾದರೂ ಮಾಡಬಹುದಾದ ಪ್ರಯೋಗ. ಇದಕ್ಕೆ ಕಾರೂ ಬೇಕಾಗಿಲ್ಲ. ಬಿಡಿಭಾಗಗಳ ಅಂಗಡಿಯಲ್ಲಿ ಯಾವ ಗಾಡಿಯ ಎರಡು ತಂತಿಯ ಸಂವೇದಕ ದೊರೆತರೂ ಆದೀತು. ಅದರ ಎರಡು ಕಡ್ಡಿಗಳಿಗೆ ಮಲ್ಟಿಮೀಟರನ್ನು ಜೋಡಿಸಿ, ಹಿತ್ತಾಳೆಯ ತುದಿ ಮಾತ್ರ ಮುಳುಗುವಂತೆ ದಾರದಿಂದ ನೀರಿನಲ್ಲಿ ಇಳಿಬಿಡಿರಿ. ಅದು ಪಾತ್ರೆಯ ತಳಕ್ಕೆ ತಾಗಕೂಡದು, ಏಕೆಂದರೆ ತಳವು ನೀರಿಗಿಂತ ಬಿಸಿಯಾಗಿರುತ್ತದೆ. ಮೊದಲು ಕರಗುತ್ತಿರುವ ಮಂಜುಗಡ್ಡೆಯ ನೀರು, ಅನಂತರ ಕೊಠಡಿಯ ನೀರು, ಕೊನೆಗೆ ಕುದಿಯುವ ನೀರು. ಪ್ರತಿಸಲವೂ ಅಂಕಿ ನಿಲ್ಲುವವರೆಗೆ ಒಂದೆರಡು ನಿಮಿಷ ಕಾದು ಓದತಕ್ಕದ್ದು. ಕುದಿಯುವ ನೀರೆಂದರೆ 100° ಎಂದು ಕಣ್ಣುಮುಚ್ಚಿ ಬರೆದುಕೊಳ್ಳಬಾರದು. ಮಂಗಳೂರಿನ ಸಮುದ್ರತೀರದಲ್ಲಿ ಅದು ಸರಿ. ಸುಮಾರು 920 ಮೀಟರು ಎತ್ತರದ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ನೀರು ಸುಮಾರು 97°ಯಲ್ಲಿಯೇ ಕುದಿಯುತ್ತದೆ. ಮೇಲೆ ಹೇಳಿದ ಸಂವೇದಕವು ಮಂಗಳೂರಿನಲ್ಲಿ 188 ಓಮ್ ತೋರಿಸಿದರೆ ಬೆಂಗಳೂರಿನಲ್ಲಿ 203 ಓಮ್ ತೋರಿಸಬೇಕು. ಈ ಹದಿನೈದು ಓಮ್ ಸಂವೇದಕದ ದೋಷವಲ್ಲ, ಊರಿನ ಎತ್ತರ. ಉಷ್ಣತೆಯನ್ನು ನಿರಪೇಕ್ಷ ಮಾನದಲ್ಲಿ ಬರೆದುಕೊಂಡು, ಅದರ ವಿಲೋಮಕ್ಕೆ ಎದುರಾಗಿ ರೋಧದ ಲಾಗರಿದಮ್ಮನ್ನು ನಕ್ಷೆಯಲ್ಲಿ ಗುರುತಿಸಿದರೆ ಬಿಂದುಗಳು ಹೆಚ್ಚು ಕಡಿಮೆ ಒಂದು ಸರಳರೇಖೆಯಲ್ಲಿ ಬೀಳುವುದನ್ನು ಕಂಡು ವಿದ್ಯಾರ್ಥಿಗಳಿಗೆ ಸಂತೋಷವಾಗದಿರದು.

ಗಾಡಿಯಲ್ಲಿರುವ ಸಂವೇದಕವನ್ನು ತೆಗೆಯುವಾಗ ಮೊದಲನೆಯ ನಿಯಮವೆಂದರೆ ಎಂಜಿನು ಪೂರ್ತಿ ಆರಿರಬೇಕು. ಒಂದು ರಾತ್ರಿ ಬಿಟ್ಟರೆ ಉತ್ತಮ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ವಾಯುವಿನ ಒತ್ತಡದ ಎರಡರಷ್ಟರವರೆಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 120°ಯವರೆಗೆ ಕುದಿಯುವುದಿಲ್ಲ. ಒಳಗಿನ ನೀರು 105°ಯಲ್ಲಿರುವಾಗ ಯಾರಾದರೂ ಮುಚ್ಚಳವನ್ನು ತಿರುಗಿಸಿದರೆ ಒತ್ತಡ ಒಮ್ಮೆಲೆ ಇಳಿದು ನೀರು ಕುದಿಯತೊಡಗುತ್ತದೆ. ಪ್ರತಿಯೊಂದು ಲೀಟರಿನಲ್ಲಿ ಆವಿಯಾಗುವುದು ಒಂಬತ್ತು ಗ್ರಾಮು ಮಾತ್ರ. ಆದರೆ ಆ ಒಂಬತ್ತು ಗ್ರಾಮಿನ ಆವಿ ಸುಮಾರು ಹದಿನೈದು ಲೀಟರು ಸ್ಥಳವನ್ನು ಕೇಳುತ್ತದೆ! ತನ್ನ ಮುಂದಿರುವ ಬಿಸಿನೀರನ್ನೆಲ್ಲ ಅದು ತೆರೆದವನ ಮುಖದ ಮೇಲೆ ಎಸೆಯುತ್ತದೆ. ಈ ಅವಸರಕ್ಕೆ ಕಣ್ಣುಗಳನ್ನು ತೆತ್ತವರುಂಟು.

ಬ್ಯಾಟರಿಯ ಋಣ ತುದಿಯನ್ನು ಬಿಡಿಸಿದ ಮೇಲೆ ರೇಡಿಯೇಟರಿನ ಕೆಳಗಿನ ತಿರುಪನ್ನು ಸಡಿಲಿಸಿ ಶೀತಕವನ್ನು ಶುಭ್ರವಾದ ಪಾತ್ರೆಗೆ ಇಳಿಸಬೇಕು. ಮಟ್ಟವು ಸಂವೇದಕಕ್ಕಿಂತ ಕೆಳಗಾದರೆ ಸಾಕು. ಶೀತಕವೆಂದರೆ ಬರಿಯ ನೀರಲ್ಲ, ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮವಾಗಿ ಬೆರೆತ ದ್ರವ. ಅದಕ್ಕೆ ಸಿಹಿರುಚಿಯುಂಟು, ಆದರೆ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುವುದುಂಟು. ಆದುದರಿಂದ ಪಾತ್ರೆಯನ್ನು ಅಂಗಳದಲ್ಲಿ ತೆರೆದಿಡಬಾರದು, ಮೋರಿಗೂ ಚೆಲ್ಲಬಾರದು.

ಮುಂದಿನದು ಪ್ಲಗ್ಗು. ವರ್ಷಗಟ್ಟಲೆ ಕಾದ ಪ್ಲಾಸ್ಟಿಕ್ಕು ಹಪ್ಪಳದಂತಾಗಿರುತ್ತದೆ. ಕೊಂಡಿಯನ್ನು ಒತ್ತಿ ಪ್ಲಗ್ಗಿನ ಮೈಯನ್ನು ಹಿಡಿದು ಎಳೆಯಬೇಕೇ ಹೊರತು ತಂತಿಯನ್ನು ಹಿಡಿದಲ್ಲ. ಕಡ್ಡಿಗಳ ಮೇಲೆ ಹಸಿರು ಕಂಡಿತೋ, ರೋಗದ ಮೂಲ ಅಲ್ಲಿಯೇ ಇದ್ದೀತು. ಶುಭ್ರಗೊಳಿಸಿ, ಮತ್ತೆ ಜೋಡಿಸಿ, ಬಿಸಿಯಲ್ಲಿ ಮತ್ತೊಮ್ಮೆ ಅಳೆದು ನೋಡಿದ ಮೇಲೆ ಸಂವೇದಕದ ಮೇಲೆ ಆರೋಪ ಹೊರಿಸುವುದು ನ್ಯಾಯ. ಸಂವೇದಕವನ್ನು ತಿರುಗಿಸಲು ಆಳವಾದ ಕೊಳವೆಯ ಸ್ಪ್ಯಾನರು ಬೇಕು. ಮಾಜ್ದಾದಲ್ಲಿ ಸಾಮಾನ್ಯವಾಗಿ 19 ಮಿ.ಮೀ. ಅಳತೆಯದು. ಹಳೆಯ ಲೋಹದ ಉಂಗುರವು ಕುಳಿಯಲ್ಲಿಯೇ ಅಂಟಿಕೊಂಡು ಉಳಿಯುವುದುಂಟು; ಅದನ್ನು ನೋಡದೆ ಹೊಸ ಉಂಗುರವನ್ನು ಅದರ ಮೇಲೆ ಕೂರಿಸಿದರೆ ಸೋರಿಕೆ ಖಂಡಿತ.

ಹೊಸ ಸಂವೇದಕವನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸತಕ್ಕದ್ದು. ಪಂಪಿನ ಕವಚ ಅಲ್ಯೂಮಿನಿಯಮ್ಮಿನದು, ಸಂವೇದಕ ಹಿತ್ತಾಳೆಯದು. ಮೆತ್ತನೆಯ ಲೋಹದ ತಿರುಪಿನ ಎಳೆ ಒಮ್ಮೆ ಕೆಟ್ಟರೆ ಕವಚವನ್ನೇ ಬದಲಾಯಿಸಬೇಕಾದೀತು. ಬಿಗಿಯುವ ಬಲವು ಸುಮಾರು 20 ನ್ಯೂಟನ್-ಮೀಟರಿನಷ್ಟಿದ್ದರೆ ಸಾಕು. ಎಂದರೆ 25 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಎಂಟು ಕಿಲೋಗ್ರಾಮಿನ ಭಾರವನ್ನು ತೂಗಿಬಿಟ್ಟಷ್ಟು. ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ. ಒಂದೇ ತಂತಿಯ ಸಂವೇದಕವನ್ನು ಹಾಕುವಾಗ ಇನ್ನೊಂದು ವಿಷಯ ನೆನಪಿರಲಿ. ಅದರಲ್ಲಿ ಪ್ರವಾಹವು ತಂತಿಯಿಂದ ಬಂದು, ಮಣಿಯನ್ನು ಹಾಯ್ದು, ತಿರುಪಿನ ಎಳೆಗಳ ಮೂಲಕ ಎಂಜಿನಿನ ಲೋಹಕ್ಕೆ ಇಳಿಯುತ್ತದೆ. ಸೋರದಿರಲೆಂದು ಎಳೆಗಳಿಗೆ ಸುತ್ತುವ ಬಿಳಿಯ ಪಟ್ಟಿ ವಿದ್ಯುತ್ತಿಗೆ ಅವಾಹಕ. ಅದನ್ನು ಧಾರಾಳವಾಗಿ ಸುತ್ತಿದರೆ ಪ್ರವಾಹದ ದಾರಿಗೆ ಅಡ್ಡಿಯಾಗಿ, ಮೇಲೆ ಕಿಲುಬಿನಿಂದ ಆದ ತಪ್ಪೇ ಇಲ್ಲಿಯೂ ಆಗುತ್ತದೆ.

ಇಷ್ಟಾದ ಮೇಲೆ ಶೀತಕವನ್ನು ತುಂಬುವುದು. ಅನೇಕರು ಇದನ್ನು ಗಡಿಗೆಗೆ ನೀರು ತುಂಬಿದಂತೆ ತುಂಬಿ ಮುಗಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಕಾದುದು ಇಲ್ಲಿಯೇ. ಒಳಗಿನ ವಕ್ರವಾದ ದಾರಿಗಳಲ್ಲಿ ಎಲ್ಲಿಯಾದರೂ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ, ಮತ್ತು ಆ ಗುಳ್ಳೆ ಸಂವೇದಕದ ತುದಿಯನ್ನೇ ಆವರಿಸಿದರೆ ಏನಾಗುತ್ತದೆಂದು ಯೋಚಿಸಿ ನೋಡಿರಿ. ಗಾಳಿಯು ದ್ರವಕ್ಕಿಂತ ಬಹಳ ನಿಧಾನವಾಗಿ ಶಾಖವನ್ನು ಒಪ್ಪಿಸುತ್ತದೆ. ಸುತ್ತಲೂ ಲೋಹ ಸುಡುತ್ತಿದ್ದರೂ ಸಂವೇದಕದ ತುದಿ ತಂಪಾಗಿಯೇ ಉಳಿಯಬಹುದು. ಕೊಳವೆ ಒಡೆದು ಶೀತಕವೆಲ್ಲ ಸೋರಿಹೋದಾಗ ಸಂಭವಿಸುವುದೂ ಇದೇ. ಎಂಜಿನಿಗೆ ಜ್ವರ ಹೆಚ್ಚಾದಂತೆಲ್ಲ ಮುಳ್ಳು ಕೆಳಕ್ಕೆ ಇಳಿಯುತ್ತದೆ. ಚಾಲಕನು ಸಮಾಧಾನದಿಂದ ಮುಂದಕ್ಕೆ ಓಡಿಸುತ್ತಾನೆ. ಸಂವೇದಕವು ಆಗಲೂ ಸುಳ್ಳು ಹೇಳಲಿಲ್ಲ. ತನ್ನ ಉಷ್ಣತೆಯನ್ನೇ ಹೇಳಿತು. ಅದು ಎಂಜಿನಿನದೆಂದು ತಿಳಿದುಕೊಂಡವರು ನಾವು.

ಆದುದರಿಂದ ಗಾಡಿಯ ಮೂತಿಯನ್ನು ಸ್ವಲ್ಪ ಎತ್ತರಿಸಿ, ಒಳಗಿನ ಶಾಖಕದ ಗುಂಡಿಯನ್ನು ಅತ್ಯಂತ ಬಿಸಿಯ ಕಡೆಗೆ ತಿರುಗಿಸಿ, ಶೀತಕವನ್ನು ನಿಧಾನವಾಗಿ ಸುರಿಯಬೇಕು. ಬ್ಯಾಟರಿಯನ್ನು ಮತ್ತೆ ಕೂಡಿಸಿ, ಮುಚ್ಚಳವನ್ನು ತೆರೆದಿಟ್ಟುಕೊಂಡೇ ತಣ್ಣನೆಯ ಎಂಜಿನನ್ನು ಹೊರಡಿಸಿ ಕಾಯಬೇಕು. ಸುಮಾರು 82°ಯಲ್ಲಿ ಥರ್ಮೋಸ್ಟ್ಯಾಟಿನ ಬಾಗಿಲು ತೆರೆಯುತ್ತದೆ. ರೇಡಿಯೇಟರಿನ ಮೇಲಿನ ಕೊಳವೆ ಇದ್ದಕ್ಕಿದ್ದಂತೆ ಬಿಸಿಯಾಗುವುದು ಅದರ ಗುರುತು. ಆಗ ಒಳಗಿನ ಗುಳ್ಳೆಗಳು ಮೇಲೆದ್ದು ಬರುತ್ತವೆ, ಮಟ್ಟ ಕುಸಿಯುತ್ತದೆ, ಮತ್ತೆ ಸುರಿಯಬೇಕು. ಗುಳ್ಳೆಗಳು ನಿಂತ ಮೇಲೆ ಮುಚ್ಚಳ ಹಾಕುವುದು.

ಹೊಸ ಸಂವೇದಕದ ಮಾತನ್ನು ಬೇರೊಂದು ಸಾಕ್ಷಿಯಿಂದ ಪರೀಕ್ಷಿಸುವುದು ಒಳ್ಳೆಯದು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ಶೀತಕದ ಸಂವೇದಕವೂ ಒಳಗಾಳಿಯ ಸಂವೇದಕವೂ ಒಂದೇ ಅಂಕಿಯನ್ನು ತೋರಿಸಬೇಕು. ಆದರೆ ತಣ್ಣನೆಯ ಪರೀಕ್ಷೆ ಎಷ್ಟು ದುರ್ಬಲವೆಂಬುದನ್ನು ಈಗಾಗಲೇ ಲೆಕ್ಕದಿಂದ ಕಂಡಿದ್ದೇವೆ, ಬಿಸಿಯಲ್ಲಿಯೂ ನೋಡಬೇಕು. ದೂರದಿಂದಲೇ ಉಷ್ಣತೆಯನ್ನು ಅಳೆಯುವ ಅವರಕ್ತಕಿರಣದ ಮಾಪಕವನ್ನು ಥರ್ಮೋಸ್ಟ್ಯಾಟಿನ ಕವಚಕ್ಕೆ ಹಿಡಿಯಬಹುದು. ಆದರೆ ಹೊಳೆಯುವ ಅಲ್ಯೂಮಿನಿಯಮ್ ಈ ಕಿರಣಗಳನ್ನು ಬಹಳ ಕಡಿಮೆಯಾಗಿ ಹೊರಸೂಸುವುದರಿಂದ ಮಾಪಕವು ಇರುವುದಕ್ಕಿಂತ ತೀರ ಕಡಿಮೆ ತೋರಿಸುತ್ತದೆ. ಅಲ್ಲಿ ಸ್ವಲ್ಪ ಕಪ್ಪುಬಣ್ಣವನ್ನು ಬಳಿದು, ಆ ಕಪ್ಪಿಗೆ ಹಿಡಿದು ಓದಬೇಕು.

ಮರುದಿನ ಬೆಳಗ್ಗೆ, ಎಂಜಿನು ತಣ್ಣಗಿರುವಾಗ, ಶೀತಕದ ಮಟ್ಟವನ್ನು ಮತ್ತೆ ನೋಡತಕ್ಕದ್ದು. ಉಳಿದಿದ್ದ ಗಾಳಿ ಹೊರಬಂದು ಮೊದಲ ದಿನ ಸ್ವಲ್ಪ ಇಳಿದಿರುವುದು ಸಹಜ. ಆದರೆ ನಾಲ್ಕಾರು ದಿನ ಕಳೆದರೂ ಮಟ್ಟ ಇಳಿಯುತ್ತಲೇ ಇದ್ದು, ನೆಲದ ಮೇಲೆ ಒಂದು ತೊಟ್ಟೂ ಕಾಣದೆ, ಹೊರಡುವಾಗ ಬಿಳಿಯ ಹೊಗೆ ಏಳುತ್ತಿದ್ದರೆ, ಎಂಟು ರಬ್ಬರಿನ ಬಳೆಗಳಲ್ಲಿ ಯಾವುದೋ ಒಂದು ಆಗಲೇ ಸೋತಿದೆಯೆಂದು ತಿಳಿಯಬೇಕು. ಹಾಗಿದ್ದರೆ ತೆಗೆದು ಬಿಸಾಡಿದ ಹಳೆಯ ಸಂವೇದಕವನ್ನು ಹುಡುಕಿ ತಂದು ಕುದಿಯುವ ನೀರಿನಲ್ಲಿ ಒಮ್ಮೆ ಅಳೆದು ನೋಡಬೇಕು. ಅದು ತೋರಿಸಿದ್ದ ಜ್ವರ ನಿಜವಾದುದೇ ಆಗಿದ್ದಿರಬಹುದು.